ಓದುಗರ ಪ್ರಶ್ನೆ: ನೆಟ್‌ವರ್ಕ್ ಸಾಫ್ಟ್‌ವೇರ್‌ನ ಡಾಕ್ಸ್ ಪ್ಯಾಚ್ ರಿವ್ಯೂ ಮಾಡೋದು ಹೇಗೆ?

ಕಳೆದ ಸಂಚಿಕೇಲಿ, ಕೋಡ್ ಬರೆಯಕ್ಕೆ ಬರದೇ ಇದ್ರೂ ಓಪನ್ ಸೋರ್ಸ್ ನೆಟ್‌ವರ್ಕಿಂಗ್ ಸಾಫ್ಟ್‌ವೇರ್ ಕೆಲಸಕ್ಕೆ ಕೈ ಜೋಡಿಸಬಹುದು, ಡಾಕ್ಯುಮೆಂಟೇಶನ್ (ಡಾಕ್ಸ್, ಅಂದ್ರೆ ಬಳಸೋರಿಗೆ ಬರೆದ ಕೈಪಿಡಿ) ಬದಲಾವಣೆಗಳನ್ನ, ಅಂದ್ರೆ ಪ್ಯಾಚ್‌ಗಳನ್ನ, ರಿವ್ಯೂ ಮಾಡೋದು ಅದರಲ್ಲಿ ಒಂದು ಅಂತ ಎರಡೇ ಸಾಲು ಬರೆದಿದ್ದೆ. ಆ ಎರಡು ಸಾಲಿಗೇ ಇಷ್ಟೊಂದು ಪ್ರಶ್ನೆ ಬಂದಿವೆ, ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೇ ಇಟ್ಟಿದೀನಿ.

ಪ್ರಶ್ನೆ: ನಾನು ಏಳು ವರ್ಷದಿಂದ ನೆಟ್‌ವರ್ಕ್ ಅಡ್ಮಿನ್. ಸಿ ಭಾಷೆ ಬರಲ್ಲ. ಒಂದು ಪ್ರಾಜೆಕ್ಟ್‌ನವರು ಡಾಕ್ಸ್ ಪ್ಯಾಚ್ ನೋಡಕ್ಕೆ ಜನ ಬೇಕು ಅಂದ್ರು ಅಂತ ಒಂದನ್ನ ತೆಗೆದು ಓದಿದೆ. ಓದಿದ್ರೆ ಎಲ್ಲಾ ಸರಿ ಇದೆ ಅನ್ಸುತ್ತೆ. ಸ್ಪೆಲಿಂಗ್ ಬಿಟ್ರೆ ನಾನು ಇನ್ನೇನು ನೋಡ್ಬೇಕು?

ಉತ್ತರ: "ಓದಿದ್ರೆ ಎಲ್ಲಾ ಸರಿ ಇದೆ ಅನ್ಸುತ್ತೆ" ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನಾನು ತಪ್ಪು ಮಾಡಿದ್ದೂ ಅಲ್ಲೇ. ಕೆಲವು ವರ್ಷದ ಹಿಂದೆ ಲಿನಕ್ಸ್‌ನ ಎನ್ಎಫ್‌ಟೇಬಲ್ಸ್ ಫೈರ್‌ವಾಲ್ ಸೆಟಪ್ ಮಾಡೋ ಒಂದು ಗೈಡ್‌ಗೆ ಯಾರೋ ಹೊಸ ಪುಟ ಬರೆದು ಕಳಿಸಿದ್ರು, ರಿವ್ಯೂಗೆ ನನ್ನ ಹೆಸರು ಹಾಕಿದ್ರು. ಭಾಷೆ ಚೆನ್ನಾಗಿತ್ತು, ಪ್ರತಿ ಕಮಾಂಡ್ ಕೆಳಗೂ ವಿವರಣೆ ಇತ್ತು. ಮೊದಲು ಹಳೇ ರೂಲ್ಸ್ ಎಲ್ಲಾ ಫ್ಲಶ್ ಮಾಡಿ (ಅಳಿಸಿ), ಆಮೇಲೆ ಒಂದು ಟೇಬಲ್ ಮಾಡಿ, ಮೂರನೇದಾಗಿ ಇನ್‌ಪುಟ್ ಚೈನ್ (ಒಳಗೆ ಬರೋ ಪ್ಯಾಕೆಟ್‌ಗಳ ರೂಲ್ ಪಟ್ಟಿ) ಮಾಡಿ ಅದಕ್ಕೆ ಡ್ರಾಪ್ ಪಾಲಿಸಿ (ಯಾವ ರೂಲೂ ಬಿಡದೇ ಇರೋದನ್ನ ಬಿಸಾಡು ಅಂತ) ಕೊಡಿ, ನಾಲ್ಕನೇದಾಗಿ ಎಸ್ಎಸ್ಎಚ್‌ಗೆ (ದೂರದಿಂದ ಲಾಗಿನ್ ಆಗೋ ದಾರಿ) 22ನೇ ಪೋರ್ಟ್ ಬಿಡಿ. ಒಂದೊಂದು ಕಮಾಂಡೂ ಸರಿ ಇತ್ತು. ಓದಿದೆ, ಒಪ್ಪಿಗೆ ಕೊಟ್ಟೆ, ಮರ್ಜ್ ಆಯ್ತು, ಅಂದ್ರೆ ಗೈಡ್‌ಗೆ ಸೇರಿತು. ಆಮೇಲೆ ಒಬ್ರು ಆ ಪುಟ ತೆರೆದಿಟ್ಕೊಂಡು ದೂರದ ಸರ್ವರ್‌ಗೆ ಎಸ್ಎಸ್ಎಚ್‌ನಲ್ಲಿ ಲಾಗಿನ್ ಆಗಿ ಒಂದೊಂದೇ ಕಮಾಂಡ್ ಹೊಡೀತಾ ಬಂದಿದಾರೆ, ಮೂರನೇದಕ್ಕೆ ಎಂಟರ್ ಒತ್ತಿದ ಕ್ಷಣ ಸೆಷನ್ ಹಂಗೇ ನಿಂತೋಗಿದೆ, ಬರೋ ಪ್ಯಾಕೆಟ್ ಎಲ್ಲಾ ಡ್ರಾಪ್, ಇನ್ನು ನಾಲ್ಕನೇ ಕಮಾಂಡ್ ಹೊಡೆಯೋದಾದ್ರೂ ಎಲ್ಲಿಂದ. ಮೆಷೀನ್ ಹತ್ರ ಮನುಷ್ಯರು ಹೋಗಿ ಕನ್ಸೋಲ್‌ನಲ್ಲಿ ಸರಿ ಮಾಡ್ಬೇಕಾಯ್ತು. ಅವರು ಬರೆದ ಬಗ್ ರಿಪೋರ್ಟ್ ಓದಿದಾಗ ಆದ ಸಂಕಟ ಇವತ್ತಿಗೂ ಮರ್ತಿಲ್ಲ, ಆ ಪುಟವನ್ನ ನನ್ನ ಲ್ಯಾಪ್‌ಟಾಪ್‌ನಿಂದ ಇನ್ನೊಂದು ಮೆಷೀನ್ ಮೇಲೆ ಒಂದೇ ಒಂದ್ಸಲ ಹೊಡೆದು ನೋಡಿದ್ರೂ ಐದು ನಿಮಿಷದಲ್ಲಿ ಸಿಕ್ಕಿಬಿಡ್ತಿತ್ತು.

ಆ ಪುಟವನ್ನ ಕೊನೆಗೆ ಹೇಗೆ ತಿದ್ದಿದ್ವಿ ಅಂದ್ರೆ, ರೂಲ್ಸ್ ಎಲ್ಲಾ ಒಂದು ಫೈಲ್‌ಗೆ ಬರೆಯೋದು, ಮೊದಲು "ಎನ್ಎಫ್‌ಟಿ" ಕಮಾಂಡ್‌ಗೆ ಚೆಕ್ ಆಪ್ಶನ್ ಕೊಟ್ಟು ಫೈಲ್ ಸರಿ ಇದ್ಯಾ ನೋಡೋದು, ಆಮೇಲೆ ಅದೇ ಫೈಲ್ ಲೋಡ್ ಮಾಡೋದು. ಹಂಗೆ ಲೋಡ್ ಮಾಡಿದ್ರೆ ಇಡೀ ಫೈಲ್ ಒಂದೇ ಏಟಿಗೆ ಜಾರಿಗೆ ಬರುತ್ತೆ, ಮಧ್ಯ ಎಲ್ಲೋ ತಪ್ಪಿದ್ರೆ ಯಾವುದೂ ಜಾರಿ ಆಗಲ್ಲ, ಅರ್ಧ ರೂಲ್ ಇರೋ ಸ್ಥಿತೀನೇ ಬರಲ್ಲ. ಎನ್ಎಫ್‌ಟೇಬಲ್ಸ್‌ಗಿಂತ ಮುಂಚಿನ ಐಪಿಟೇಬಲ್ಸ್ ಫೈರ್‌ವಾಲ್‌ನ ಹಳೇ ಪುಟಗಳಲ್ಲೂ ಇದೇ ಗುಂಡಿ ಇದೆ, ಪಾಲಿಸಿ ಡ್ರಾಪ್ ಆಗಿರೋ ಚೈನನ್ನ ಫ್ಲಶ್ ಮಾಡಿದ್ರೆ ರೂಲ್ಸ್ ಹೋಗುತ್ತೆ, ಪಾಲಿಸಿ ಮಾತ್ರ ಹಂಗೇ ಉಳಿಯುತ್ತೆ, ಅಲ್ಲಿಗೆ ನೀವು ಆಚೆ.

ಅದಕ್ಕೇ ನಾನು ಹೇಳೋದು ಇಷ್ಟು. ಡಾಕ್ಸ್ ಪ್ಯಾಚ್ ಕೈಗೆ ಬಂದ್ರೆ ಟರ್ಮಿನಲ್ ತೆರೀರಿ. ಪುಟದಲ್ಲಿ ಇರೋದನ್ನ ಇರೋ ಕ್ರಮದಲ್ಲೇ ಹೊಡೀರಿ, ನಿಮಗೆ ಗೊತ್ತಿರೋದನ್ನ ಮಧ್ಯ ಸೇರಿಸಬೇಡಿ, ಇದು ಬಹಳ ಕಷ್ಟ, ಏಳು ವರ್ಷದ ಕೈ ತಾನಾಗೇ ಬಿಟ್ಟಿರೋ ಹೆಜ್ಜೆ ತುಂಬಿಸಿಬಿಡುತ್ತೆ. ಇಂಟರ್‌ಫೇಸ್ ಅಪ್ ಮಾಡಿ ಅಂತ ಪುಟದಲ್ಲಿ ಇಲ್ದೇ ಇದ್ರೂ ನೀವು ಅಪ್ ಮಾಡಿರ್ತೀರಿ, ಐಪಿ ಫಾರ್ವರ್ಡಿಂಗ್ (ಒಂದು ಕಡೆ ಬಂದ ಪ್ಯಾಕೆಟ್ ಇನ್ನೊಂದು ಕಡೆಗೆ ಕಳಿಸೋದು) ಆನ್ ಮಾಡಿ ಅಂತ ಇಲ್ದೇ ಇದ್ರೂ ನಿಮ್ಮ ಮೆಷೀನಲ್ಲಿ ಮೊದಲೇ ಆನ್ ಇರುತ್ತೆ, ಲಿನಕ್ಸ್‌ನಲ್ಲಿ ಅದರ ಡೀಫಾಲ್ಟ್ ಸೊನ್ನೆ (ಆಫ್) ಅನ್ನೋದೇ ಮರ್ತೋಗಿರುತ್ತೆ. ಖಾಲಿ ಮೆಷೀನ್ ಬೇಕು. ಅದಕ್ಕೆ ರೌಟರ್ ಕೊಳ್ಳಬೇಕಾಗಿಲ್ಲ, ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ನೆಟ್‌ವರ್ಕ್ ನೇಮ್‌ಸ್ಪೇಸ್ ಎರಡು ಮಾಡಿ, ಮಧ್ಯ ಒಂದು ವೀತ್ ಜೋಡಿ (ಸಾಫ್ಟ್‌ವೇರ್‌ನಲ್ಲೇ ಮಾಡಿದ ಕೇಬಲ್) ಎಳೆದ್ರೆ ಎರಡು ಮೆಷೀನ್ ಆದಂಗೇ, ಒಂದೊಂದಕ್ಕೂ ಅದರದ್ದೇ ರೌಟಿಂಗ್ ಟೇಬಲ್, ಅದರದ್ದೇ ಫೈರ್‌ವಾಲ್ ಇರುತ್ತೆ. ಕೆಲಸ ಮುಗಿದ ಮೇಲೆ ಅಳಿಸಿಬಿಟ್ರೆ ಆಯ್ತು.

ಸಿ ಬರಲ್ಲ ಅಂತ ಹಿಂಜರಿಯೋದು ಬೇಡ. ಉದಾಹರಣೆಗೆ "ಇಟಿಎಚ್0 ಮೇಲೆ ರಿವರ್ಸ್ ಪಾತ್ ಫಿಲ್ಟರ್ ಬೇಡ ಅಂದ್ರೆ ಆ ಇಂಟರ್‌ಫೇಸ್‌ನ ಆರ್‌ಪಿ ಫಿಲ್ಟರ್ ಸೊನ್ನೆ ಮಾಡಿ" ಅಂತ ಒಂದು ಪ್ಯಾಚ್ ಬಂದಿದೆ ಅಂದ್ಕೊಳಿ. ಇಟಿಎಚ್0 ಒಂದು ಇಂಟರ್‌ಫೇಸ್ ಹೆಸರು, ಬಂದ ಪ್ಯಾಕೆಟ್‌ನ ಮೂಲ ಅಡ್ರೆಸ್‌ಗೆ ವಾಪಸ್ ದಾರಿ ಸರಿ ಇಲ್ದಿದ್ರೆ ಬಿಸಾಡೋದು ಆ ಫಿಲ್ಟರ್ ಕೆಲಸ. ಓದಕ್ಕೆ ಏನೂ ತಪ್ಪಿಲ್ಲ. ಆದ್ರೆ ಲಿನಕ್ಸ್ ಇಲ್ಲಿ "ಆಲ್" ಅನ್ನೋ ಸೆಟ್ಟಿಂಗ್ ಮತ್ತೆ ಆ ಇಂಟರ್‌ಫೇಸ್‌ನ ಸೆಟ್ಟಿಂಗ್ ಎರಡರಲ್ಲಿ ಯಾವುದು ದೊಡ್ಡದೋ ಅದನ್ನ ತಗೊಳ್ಳುತ್ತೆ, "ಆಲ್" 1 ಅಂತ ಇದ್ರೆ ಇಂಟರ್‌ಫೇಸ್‌ದು ಸೊನ್ನೆ ಮಾಡಿದ್ರೂ ಫಿಲ್ಟರ್ ಹಂಗೇ ಕೆಲಸ ಮಾಡ್ತಿರುತ್ತೆ. ಕರ್ನಲ್ (ಲಿನಕ್ಸ್‌ನ ತಿರುಳು) ಡೀಫಾಲ್ಟ್ ಸೊನ್ನೆನೇ, ಆದ್ರೆ ಕೆಲವು ಡಿಸ್ಟ್ರೋಗಳು (ಲಿನಕ್ಸ್‌ನ ಬೇರೆ ಬೇರೆ ಆವೃತ್ತಿಗಳು) ಬೂಟ್ ಆಗೋವಾಗಲೇ ಅದನ್ನ ಆನ್ ಮಾಡ್ತವೆ. ಒಂದ್ಸಲ ಇದರಲ್ಲಿ ಪೆಟ್ಟು ತಿಂದ ಅಡ್ಮಿನ್‌ಗೆ ಇದು ಕಣ್ಣಿಗೆ ಹೊಡೆಯುತ್ತೆ, ಕೋಡ್ ಬರೆದವರಿಗೆ ಹೊಳೆಯದೇ ಹೋಗಬಹುದು. ಪ್ರಾಜೆಕ್ಟ್‌ನವರು ಹುಡುಕ್ತಿರೋದು ನಿಮ್ಮಂಥವರನ್ನೇ.

ಪ್ರಶ್ನೆ: ಒಬ್ರು ಎಲ್ಲಾ ಉದಾಹರಣೆಗಳಲ್ಲೂ ಐಪಿ ಅಡ್ರೆಸ್ ಬದಲಾಯಿಸಿ ಒಂದು ದೊಡ್ಡ ಪ್ಯಾಚ್ ಕಳಿಸಿದಾರೆ, ನೂರಾರು ಸಾಲು, ಎಲ್ಲಾ 192.0.2 ಅಂತ ಮಾಡಿದಾರೆ. ಅರ್ಥ ಏನೂ ಬದಲಾಗಿಲ್ಲ. ಇದು ಸುಮ್ನೆ ಕೆಲಸ ಅಲ್ವಾ, ತಿರಸ್ಕರಿಸಬಹುದಾ?

ಉತ್ತರ: ತಿರಸ್ಕರಿಸಬೇಡಿ, ಆದ್ರೆ ಸುಲಭವಾಗಿ ಒಪ್ಪಿಕೊಳ್ಳಲೂಬೇಡಿ, ರಿವ್ಯೂ ಮಾಡಕ್ಕೆ ಇಂಥ ಪ್ಯಾಚ್‌ನಷ್ಟು ಕಷ್ಟದ್ದು ಇನ್ನೊಂದಿಲ್ಲ.

ಮೊದಲು ಇದು ಯಾಕೆ ಬೇಕು ಅಂತ ಹೇಳ್ತೀನಿ. ಉದಾಹರಣೆಗಳಲ್ಲಿ ಬಳಸಕ್ಕೆ ಅಂತಲೇ ಮೂರು ಬ್ಲಾಕ್ ಎತ್ತಿಟ್ಟಿದಾರೆ, 192.0.2.0/24, 198.51.100.0/24, 203.0.113.0/24, ಇದನ್ನ 2010ರಲ್ಲಿ ಬಂದ ಆರ್‌ಎಫ್‌ಸಿ 5737 (ಆರ್‌ಎಫ್‌ಸಿ ಅಂದ್ರೆ ಇಂಟರ್ನೆಟ್ ನಿಯಮ, ಮಾನದಂಡ ಬರೆದಿಡೋ ದಾಖಲೆ) ಹೇಳುತ್ತೆ. ಐಪಿವಿ6ಗೆ 2001:ಡಿಬಿ8::/32, ಅದು 2004ರ ಆರ್‌ಎಫ್‌ಸಿ 3849. ಬಿಜಿಪಿ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ತಿಳಿಸೋ ಪ್ರೋಟೊಕಾಲ್) ಉದಾಹರಣೆಗೆ ಎಎಸ್ ನಂಬರ್ (ಒಂದೊಂದು ನೆಟ್‌ವರ್ಕ್‌ನ ಗುರುತು ಸಂಖ್ಯೆ) ಬೇಕು ಅಂದ್ರೆ 64496ರಿಂದ 64511, ಮತ್ತೆ 65536ರಿಂದ 65551. ಇವು ಯಾರಿಗೂ ಹಂಚಿಕೆ ಆಗಲ್ಲ, ಓದಿದವರು ಕಣ್ಮುಚ್ಚಿ ಪೇಸ್ಟ್ ಮಾಡಿದ್ರೂ ಬೇರೆಯವರ ನೆಟ್‌ವರ್ಕ್‌ಗೆ ಪೆಟ್ಟು ಬೀಳಲ್ಲ.

ಬಾಯಿಗೆ ಬಂದ ನಂಬರ್ ಬರೆದ್ರೆ ಏನಾಗುತ್ತೆ ಅನ್ನೋದಕ್ಕೆ 1.1.1.1 ಸಾಕು. ಟೈಪ್ ಮಾಡಕ್ಕೆ ಸುಲಭ ಅಂತ ಎಷ್ಟೋ ಕಡೆ, ಎಷ್ಟೋ ಜನ ಅದನ್ನೂ 1.2.3.4ನ್ನೂ ಡಮ್ಮಿ ಅಡ್ರೆಸ್ ಥರ ಬಳಸ್ತಾ ಬಂದ್ರು, ಆ ಬ್ಲಾಕ್ ಯಾರಿಗೂ ಕೊಟ್ಟಿಲ್ಲ ಅನ್ನೋ ಧೈರ್ಯದಲ್ಲಿ. 2010ರ ಜನವರಿಯಲ್ಲಿ 1.0.0.0/8 ಏಷ್ಯಾ ಪೆಸಿಫಿಕ್‌ನಲ್ಲಿ ಅಡ್ರೆಸ್ ಹಂಚೋ ರಿಜಿಸ್ಟ್ರಿ ಎಪಿನಿಕ್‌ಗೆ ಸಿಕ್ತು, ಪ್ರಯೋಗಕ್ಕೆ ಅಂತ ಆ ಅಡ್ರೆಸ್‌ಗಳನ್ನ ಅನೌನ್ಸ್ ಮಾಡಿ ನೋಡಿದ್ರೆ ಎಲ್ಲೆಲ್ಲಿಂದಲೋ ಕಸದ ಟ್ರಾಫಿಕ್ ಬಂದು ಸುರೀತು. 2018ರ ಏಪ್ರಿಲ್ 1ಕ್ಕೆ ಕ್ಲೌಡ್‌ಫ್ಲೇರ್ ಅದೇ 1.1.1.1ರಲ್ಲಿ ಡಿಎನ್ಎಸ್ ಸೇವೆ ಶುರು ಮಾಡ್ದಾಗ, ಕೆಲವು ನೆಟ್‌ವರ್ಕ್‌ಗಳ ಒಳಗಿಂದ ಅದು ಸಿಗ್ತಾನೇ ಇರ್ಲಿಲ್ಲ, ಯಾಕಂದ್ರೆ ಅವರ ಉಪಕರಣ ಆ ಅಡ್ರೆಸನ್ನ ತನ್ನದೇ ಅಂತ ಬಳಸ್ಕೊಂಡು ಕೂತಿತ್ತು. ಉದಾಹರಣೆ ಅಂತ ಬರೆದದ್ದು ಕಾನ್ಫಿಗ್‌ಗೆ ಹೋಗುತ್ತೆ, ಕಾನ್ಫಿಗ್‌ಗೆ ಹೋದದ್ದು ವರ್ಷಗಟ್ಟಲೆ ಅಲ್ಲೇ ಇರುತ್ತೆ.

ಈಗ ನಿಮ್ಮ ಪ್ಯಾಚ್ ವಿಷಯ. ಇಂಥದ್ದನ್ನ ಜನ ಸರ್ಚ್ ಅಂಡ್ ರಿಪ್ಲೇಸ್‌ನಲ್ಲಿ ಮಾಡಿರ್ತಾರೆ, ಅಪಾಯ ಇರೋದೇ ಅಲ್ಲಿ. ಹಳೇದು 10.0.0.0/8ರ ಒಳಗೆ 10.1, 10.2, 10.3 ಅಂತ ಮೂರು ಬೇರೆ ಸಬ್‌ನೆಟ್ ಇಟ್ಕೊಂಡು ಬರೆದ ಉದಾಹರಣೆ ಆಗಿದ್ರೆ, ಎಲ್ಲಾನೂ 192.0.2ಕ್ಕೆ ಇಳಿಸಿದ ತಕ್ಷಣ ಮೂರು ಸಬ್‌ನೆಟ್ ಒಂದಾಗಿಬಿಡುತ್ತೆ, ರೌಟರ್ ಎರಡೂ ಕಡೆ ಒಂದೇ ನೆಟ್‌ವರ್ಕ್, ರೌಟಿಂಗ್‌ಗೆ ಅರ್ಥಾನೇ ಇರಲ್ಲ. /26 (64 ಅಡ್ರೆಸ್‌ನ ತುಂಡು) ಮಾಡಿ ಒಡೆದಿದ್ರೆ ಗಡಿ ಸರಿ ಇದ್ಯಾ ಲೆಕ್ಕ ಹಾಕಿ, .64 ಇಂದ ಶುರು ಆಗೋ ಸಬ್‌ನೆಟ್‌ಗೆ .130ರ ಗೇಟ್‌ವೇ ಕೊಟ್ಟಿದ್ರೆ ಅದು ತಲುಪಲ್ಲ. ಕಾನ್ಫಿಗ್‌ನಲ್ಲಿ ಅಡ್ರೆಸ್ ಬದಲಾಗಿದೆ, ಕೆಳಗೆ ತೋರಿಸಿರೋ ಔಟ್‌ಪುಟ್‌ನಲ್ಲಿ ಬದಲಾಗಿದ್ಯಾ? ಪಕ್ಕದ ಚಿತ್ರದಲ್ಲಿ? ರೌಟರ್ ಐಡಿ ಅಡ್ರೆಸ್ ಥರಾನೇ ಕಾಣುತ್ತೆ, ಅದನ್ನೂ ರಿಪ್ಲೇಸ್ ಮಾಡಿ ಎರಡು ರೌಟರ್‌ಗೆ ಒಂದೇ ಐಡಿ ಕೊಟ್ಟುಬಿಟ್ಟಿದಾರಾ, ಹಂಗಾದ್ರೆ ಓಎಸ್‌ಪಿಎಫ್ (ರೌಟರ್‌ಗಳು ದಾರಿ ಹಂಚಿಕೊಳ್ಳೋ ಇನ್ನೊಂದು ಪ್ರೋಟೊಕಾಲ್) ನೆರೆ ಸಂಬಂಧಾನೇ ಕೂಡಲ್ಲ. ಮಾಸ್ಕ್ ಬರೆದಿರೋ ಕಡೆ 255.255.255.0 ಅಂತ ಇರ್ಬೇಕಾ, ತಿರುಗಿಸಿ 0.0.0.255 ಅಂತ ವೈಲ್ಡ್‌ಕಾರ್ಡ್ ಇರ್ಬೇಕಾ ನೋಡಿ. ನೂರು ಸಾಲಿಗೂ ಹಿಂಗೇ ಕೂರ್ಬೇಕು, ಬೇರೆ ದಾರಿ ಇಲ್ಲ. ಒಂದು ಅಧ್ಯಾಯಕ್ಕೆ ಒಂದು ಪ್ಯಾಚ್ ಅಂತ ಒಡೆದು ಕಳ್ಸಿ ಅಂತ ಕೇಳೋದು ತಪ್ಪಲ್ಲ, ನಾನಾಗಿದ್ರೆ ಅದನ್ನೇ ಕೇಳ್ತೀನಿ.

ಇನ್ನೊಂದು ಮಾತು. ಪುಟ ಹೇಳ್ತಿರೋದೇ ಪ್ರೈವೇಟ್ ನೆಟ್‌ವರ್ಕ್ ಬಗ್ಗೆ, ನ್ಯಾಟ್ (ಒಳಗಿನ ಅಡ್ರೆಸನ್ನ ಹೊರಗಿನದಕ್ಕೆ ಬದಲಾಯಿಸೋದು) ಬಗ್ಗೆ ಆಗಿದ್ರೆ ಒಳಗಿನ ಕಡೆಗೆ 10 ಅಥವಾ 192.168ರ ಅಡ್ರೆಸ್ಸೇ ಇರ್ಲಿ, ಅದನ್ನ ತೆಗೆದ್ರೆ ಓದೋರಿಗೆ ಯಾವುದು ಒಳಗೆ ಯಾವುದು ಹೊರಗೆ ಅನ್ನೋದೇ ಗೊತ್ತಾಗಲ್ಲ.

ಪ್ರಶ್ನೆ: ವಿಎಕ್ಸ್‌ಲ್ಯಾನ್ (ಒಂದು ನೆಟ್‌ವರ್ಕ್‌ನ ಟ್ರಾಫಿಕ್ ಇನ್ನೊಂದರ ಮೇಲೆ ಟನಲ್‌ನಲ್ಲಿ ಸಾಗಿಸೋ ವಿಧಾನ) ಪುಟದಲ್ಲಿ ಡೀಫಾಲ್ಟ್ ಪೋರ್ಟ್ 8472 ಅಂತ ಇತ್ತು, ಸ್ಟ್ಯಾಂಡರ್ಡ್ ಪ್ರಕಾರ 4789 ಅಂತ ಒಬ್ರು ತಿದ್ದಿದಾರೆ. ಆರ್‌ಎಫ್‌ಸಿ ತೆಗೆದು ನೋಡಿದೆ, 4789 ಅಂತಲೇ ಇದೆ. ಒಪ್ಪಿಗೆ ಕೊಟ್ಟುಬಿಡ್ಲಾ?

ಉತ್ತರ: ಕೊಡಬೇಡಿ, ಸ್ವಲ್ಪ ತಡೀರಿ. ನೀವು ಆರ್‌ಎಫ್‌ಸಿ ತೆಗೆದು ನೋಡಿದ್ದು ನಿಜವಾಗ್ಲೂ ಒಳ್ಳೇ ಅಭ್ಯಾಸ, ಬಹಳ ಜನ ಅದೂ ಮಾಡಲ್ಲ. ಆದ್ರೆ ಆ ಪುಟ ಯಾವುದರ ಬಗ್ಗೆ ಮಾತಾಡ್ತಿದೆ ಅನ್ನೋದು ಮುಖ್ಯ. ಲಿನಕ್ಸ್ ಕರ್ನಲ್‌ಗೆ ವಿಎಕ್ಸ್‌ಲ್ಯಾನ್ ಬಂದಿದ್ದು 2012ರಲ್ಲಿ, ಆಗ ಅದಕ್ಕೆ ಅಧಿಕೃತವಾಗಿ ಪೋರ್ಟ್ ನಂಬರ್ ಸಿಕ್ಕಿರ್ಲಿಲ್ಲ, ಕರ್ನಲ್‌ನವರು 8472 ಇಟ್ಕೊಂಡ್ರು. 4789 ಆಮೇಲೆ ನಿಗದಿ ಆಯ್ತು, ಆರ್‌ಎಫ್‌ಸಿ 7348 ಬಂದಿದ್ದು 2014ರ ಆಗಸ್ಟ್‌ನಲ್ಲಿ. ಹಳೇ ಸೆಟಪ್‌ಗಳು ಮುರಿಯಬಾರ್ದು ಅಂತ ಲಿನಕ್ಸ್ ತನ್ನ ಹಳೇ ಡೀಫಾಲ್ಟ್ ಬಿಟ್ಟಿಲ್ಲ. ಅಂದ್ರೆ "ಐಪಿ ಲಿಂಕ್" ಕಮಾಂಡ್‌ನಲ್ಲಿ ಪೋರ್ಟ್ ಹೇಳದೇ ವಿಎಕ್ಸ್‌ಲ್ಯಾನ್ ಮಾಡಿದ್ರೆ ಇವತ್ತಿಗೂ ಸಿಗೋದು 8472.

ಈಗ ಯೋಚಿಸಿ, ಪುಟದಲ್ಲಿ ಡೀಫಾಲ್ಟ್ 4789 ಅಂತ ನೀವು ಒಪ್ಪಿಕೊಂಡ್ರೆ, ಓದಿದವರು ಲಿನಕ್ಸ್ ಕಡೆ ಪೋರ್ಟ್ ಬರೆಯದೇ ಬಿಡ್ತಾರೆ, ಆ ಕಡೆ 4789 ಮಾತಾಡೋ ಸ್ವಿಚ್ ಇರುತ್ತೆ, ಟನಲ್ ಅಪ್ ಅಂತ ತೋರಿಸುತ್ತೆ, ಪಿಂಗ್ ಮಾತ್ರ ಹೋಗಲ್ಲ. ಟಿಸಿಪಿಡಂಪ್ ಹಾಕಿ ಪ್ಯಾಕೆಟ್ ನೋಡೋವರೆಗೂ ಕಾರಣ ಗೊತ್ತಾಗಲ್ಲ. ಹಂಗಂತ ಪ್ಯಾಚ್ ಕಳಿಸಿದವರ ಅನುಮಾನ ದಂಡ ಅಲ್ಲ, ಅವರಿಗೆ ಗೊಂದಲ ಆಗಿದೆ ಅಂದ್ರೆ ಪುಟದಲ್ಲಿ ಏನೋ ಕಮ್ಮಿ ಇದೆ ಅಂತ ಅರ್ಥ. 8472 ಯಾಕೆ ಉಳೀತು ಅಂತ ಒಂದು ಸಾಲು, ಬೇರೆ ಕಂಪನಿ ಉಪಕರಣದ ಜೊತೆ ಸೇರಿಸೋವಾಗ ಪೋರ್ಟ್ 4789 ಅಂತ ಬಾಯಿಬಿಟ್ಟು ಬರೀರಿ ಅಂತ ಇನ್ನೊಂದು ಸಾಲು, ಇಷ್ಟು ಸೇರಿಸಿ ಅಂತ ಅವರನ್ನೇ ಕೇಳಿ. ನಂಬರ್ ತಿದ್ದೋದಕ್ಕಿಂತ ಆ ಎರಡು ಸಾಲು ಹೆಚ್ಚು ಜನರ ರಾತ್ರಿ ಉಳಿಸುತ್ತೆ.

ಪ್ರಶ್ನೆ: ಕೋಡ್‌ನಲ್ಲಿ ಒಂದು ಡೀಫಾಲ್ಟ್ ಬದಲಾಗಿದೆ, ಡಾಕ್ಸ್ ಆಮೇಲೆ ಬೇರೆ ಪ್ಯಾಚ್‌ನಲ್ಲಿ ಮಾಡ್ತೀವಿ ಅಂತಾರೆ. ನಾನು ಡಾಕ್ಸ್ ನೋಡೋನು, ಕೋಡ್ ಪ್ಯಾಚನ್ನ ತಡೆದು ನಿಲ್ಲಿಸೋ ಹಕ್ಕು ನನಗಿದ್ಯಾ?

ಉತ್ತರ: ಇದೆ. ಕೇಳಿ. ಆಮೇಲೆ ಅಂತ ಬಿಟ್ಟದ್ದು ಎಷ್ಟೋ ಸಲ ಆಗೋದೇ ಇಲ್ಲ. ಎಫ್‌ಆರ್‌ಆರ್ (ಓಪನ್ ಸೋರ್ಸ್ ರೌಟಿಂಗ್ ಸಾಫ್ಟ್‌ವೇರ್) ಥರದ ಪ್ರಾಜೆಕ್ಟ್‌ಗಳಲ್ಲಿ ಹೊಸ ಕಮಾಂಡ್ ಸೇರಿಸಿದ್ರೆ ಅದರ ಜೊತೇಲೇ ಡಾಕ್ಯುಮೆಂಟೇಶನ್ ಬರ್ಬೇಕು ಅಂತ ಡೆವಲಪರ್ ಗೈಡ್‌ನಲ್ಲೇ ಬರೆದಿಟ್ಟಿದಾರೆ, ನಿಮ್ಮ ಪ್ರಾಜೆಕ್ಟ್‌ನಲ್ಲೂ ಅಂಥ ಸಾಲು ಇದ್ಯಾ ನೋಡಿ, ಇದ್ರೆ ಅದನ್ನ ತೋರಿಸಿದ್ರೆ ಸಾಕು.

ಅದಕ್ಕಿಂತ ಹೆಚ್ಚು ನೋಡ್ಬೇಕಾದ್ದು ಡಾಕ್ಸ್ ಸಾಲು ಬಂದ ಮೇಲೆ. ಒಂದು ಡೀಫಾಲ್ಟ್ ಬದಲಾದ್ರೆ ಅದನ್ನ ವಿವರಿಸೋ ಸಾಲು ಒಂದೇ ಇರುತ್ತೆ, ಆದ್ರೆ ಅದನ್ನ ನಂಬ್ಕೊಂಡು ಬರೆದ ಉದಾಹರಣೆಗಳು ಪುಸ್ತಕದ ತುಂಬಾ ಇರುತ್ತೆ. ಬಿಜಿಪಿದೇ ತಗೊಳಿ. 2017ರ ಆರ್‌ಎಫ್‌ಸಿ 8212 ಏನು ಹೇಳುತ್ತೆ ಅಂದ್ರೆ, ಹೊರಗಿನ ನೆರೆಯವರ ಜೊತೆ ಪಾಲಿಸಿ ಏನೂ ಹಾಕಿಲ್ಲ ಅಂದ್ರೆ ರೌಟ್ ತಗೊಳ್ಳಲೂಬೇಡಿ, ಕೊಡಲೂಬೇಡಿ ಅಂತ. ಎಫ್‌ಆರ್‌ಆರ್ ಇದನ್ನ ತನ್ನ ಟ್ರೆಡಿಶನಲ್ ಪ್ರೊಫೈಲ್‌ನಲ್ಲಿ (ಪ್ರೊಫೈಲ್ ಅಂದ್ರೆ ಡೀಫಾಲ್ಟ್‌ಗಳ ಒಂದು ಗುಂಪು) ಡೀಫಾಲ್ಟ್ ಆಗಿ ಆನ್ ಮಾಡ್ತು. ಒಳ್ಳೇ ನಿರ್ಧಾರ. ಆದ್ರೆ ಅದಕ್ಕೂ ಮುಂಚೆ ಬರೆದ ಎರಡು ರೌಟರ್‌ನ ಪುಟ್ಟ ಉದಾಹರಣೆಗಳಲ್ಲಿ ರೌಟ್ ಮ್ಯಾಪ್ (ಪಾಲಿಸಿ ಬರೆಯೋ ರೂಲ್ ಪಟ್ಟಿ) ಇರಲ್ಲ, ಅದನ್ನ ಈಗ ಹೊಡೆದ್ರೆ ಸೆಷನ್ ಏನೋ ಎಸ್ಟಾಬ್ಲಿಶ್ ಆಗುತ್ತೆ, ಬಿಜಿಪಿ ಸಮ್ಮರಿಯಲ್ಲಿ ಪ್ರಿಫಿಕ್ಸ್ ಎಣಿಕೆ ಇರ್ಬೇಕಾದ ಜಾಗದಲ್ಲಿ "ಪಾಲಿಸಿ" ಅಂತ ಒಂದು ಪದ ಬಂದು ಕೂತಿರುತ್ತೆ, ರೌಟ್ ಒಂದೂ ಇಲ್ಲ. ಹೊಸಬರು ಅದನ್ನ ನೋಡಿ ತಮ್ಮದೇ ತಪ್ಪು ಅಂದ್ಕೊಂಡು ಗಂಟೆಗಟ್ಟಲೆ ತಲೆ ಕೆಡಿಸ್ಕೋತಾರೆ. ಆದ್ದರಿಂದ ಡೀಫಾಲ್ಟ್ ಬದಲಾದಾಗ ಆ ಕಮಾಂಡ್ ಹೆಸರು ಅಷ್ಟೇ ಅಲ್ಲ, ಆ ಕಮಾಂಡ್ ಇಲ್ಲದೇ ನಡೀತಿದ್ದ ಎಲ್ಲಾ ಉದಾಹರಣೆ ಹುಡುಕ್ಬೇಕು. ಗ್ರೆಪ್ (ಪದ ಹುಡುಕೋ ಕಮಾಂಡ್) ಹೊಡೆದ್ರೆ ಇದು ಸಿಗಲ್ಲ, ಯಾಕಂದ್ರೆ ಹುಡುಕ್ತಿರೋದೇ ಇಲ್ಲದಿರೋದನ್ನ. ಕೂತು ಓದ್ಬೇಕು.

ಟೈಮರ್ ಸಾಲುಗಳಲ್ಲೂ ಎಚ್ಚರ. ಬಿಜಿಪಿ ಹೋಲ್ಡ್ ಟೈಮ್ (ನೆರೆಯವರು ಎಷ್ಟು ಹೊತ್ತು ಸುಮ್ನಿದ್ರೆ ಸೆಷನ್ ಮುರೀಬೇಕು ಅನ್ನೋದು) ಎಷ್ಟು ಅಂದ್ರೆ ಆರ್‌ಎಫ್‌ಸಿ 4271 ಸೂಚಿಸೋದು 90 ಸೆಕೆಂಡ್, ಎಫ್‌ಆರ್‌ಆರ್ ಟ್ರೆಡಿಶನಲ್ ಪ್ರೊಫೈಲ್‌ನಲ್ಲಿ 180, ಅದೇ ಎಫ್‌ಆರ್‌ಆರ್‌ನ ಡೇಟಾಸೆಂಟರ್ ಪ್ರೊಫೈಲ್‌ನಲ್ಲಿ 9. ಮೂರೂ ಸರಿ, "ಡೀಫಾಲ್ಟ್ ಇಷ್ಟು" ಅಂತ ಒಂದೇ ನಂಬರ್ ಬರೆದ್ರೆ ಮಾತ್ರ ತಪ್ಪು. ಯಾವ ಪ್ರೊಫೈಲ್, ಯಾವ ವರ್ಶನ್‌ನಿಂದ ಅಂತ ಬರೆಸಿ. ಹಳೇ ಪ್ಯಾರಾಗಳನ್ನಂತೂ ನಂಬಲೇಬೇಡಿ, ಎಫ್‌ಆರ್‌ಆರ್ 2017ರಲ್ಲಿ ಕ್ವಾಗಾದಿಂದ ಕವಲೊಡೆದದ್ದು, ಕ್ವಾಗಾ ಅದಕ್ಕೂ ಹಿಂದೆ ಜೀಬ್ರಾದಿಂದ, ಇಂಥ ವಂಶದಲ್ಲಿ ಕೆಲವು ಪ್ಯಾರಾ ಸಾಫ್ಟ್‌ವೇರ್ ಹೆಸರಿಗಿಂತ ಹಳೇದಿರುತ್ತೆ.

ಪ್ರಶ್ನೆ: ಡಿಫ್ (ಯಾವ ಸಾಲು ಹೋಯ್ತು, ಯಾವುದು ಬಂತು ಅಂತ ತೋರಿಸೋದು) ಓದಿದ್ರೆ ಸಾಲದಾ? ಪುಟ ಬಿಲ್ಡ್ ಮಾಡಿ ಬ್ರೌಸರ್‌ನಲ್ಲಿ ನೋಡ್ಲೇಬೇಕಾ?

ಉತ್ತರ: ನೋಡ್ಲೇಬೇಕು. ಒಂದೇ ಉದಾಹರಣೆ ಕೊಡ್ತೀನಿ. ಸ್ಫಿಂಕ್ಸ್ ಅನ್ನೋ ಪುಟ ಕಟ್ಟೋ ಟೂಲ್‌ನಲ್ಲಿ ಮಾಡೋ ಡಾಕ್ಸ್‌ನಲ್ಲಿ ಕಮಾಂಡ್‌ನ ಆಪ್ಶನ್ ಒಂದನ್ನ ಕೋಡ್ ಅಂತ ಗುರುತು ಮಾಡದೇ ಸಾದಾ ವಾಕ್ಯದ ಮಧ್ಯ ಬರೆದ್ರೆ, ಮುಂದಿರೋ ಎರಡು ಹೈಫನ್ ಸೇರಿ ಒಂದು ಉದ್ದ ಗೆರೆ ಆಗಿಬಿಡುತ್ತೆ, ಅದು ಆ ಟೂಲ್‌ನ ಡೀಫಾಲ್ಟ್ ವರ್ತನೆ. ಡಿಫ್‌ನಲ್ಲಿ ಎರಡು ಹೈಫನ್ನೇ ಕಾಣುತ್ತೆ. ಪುಟದಿಂದ ಕಾಪಿ ಮಾಡಿ ಪೇಸ್ಟ್ ಮಾಡಿದವರಿಗೆ ಮಾತ್ರ ಇಂಥ ಆಪ್ಶನ್ ಇಲ್ಲ ಅಂತ ಎರರ್, ಕಣ್ಣಿಗೆ ಎರಡೂ ಒಂದೇ ಥರ ಕಾಣೋದ್ರಿಂದ ಅವರು ಎಷ್ಟು ಸಲ ನೋಡಿದ್ರೂ ಗೊತ್ತಾಗಲ್ಲ. ಮಾರ್ಕ್‌ಡೌನ್ ಅನ್ನೋ ಬರಹ ಶೈಲಿ ಅಭ್ಯಾಸ ಇರೋರು ಒಂದೇ ಬ್ಯಾಕ್‌ಟಿಕ್ (`) ಹಾಕ್ತಾರೆ, ಸ್ಫಿಂಕ್ಸ್ ಬಳಸೋ ಆರ್‌ಎಸ್‌ಟಿ ಶೈಲಿಯಲ್ಲಿ ಕೋಡ್‌ಗೆ ಎರಡು ಬೇಕು. ಬಿಲ್ಡ್ ಮಾಡೋವಾಗ ವಾರ್ನಿಂಗ್ ಬಂದ್ರೆ ಎರರ್ ಥರ ನಿಲ್ಲಿಸೋ ಆಪ್ಶನ್ ಇದೆ, ಲಿಂಕ್ ಚೆಕ್ ಮಾಡೋದೂ ಇದೆ, ಎರಡೂ ಹಾಕ್ಕೊಳಿ. ಪ್ಯಾರಾದಲ್ಲಿ ಸಾಲು ಮುರಿಯೋ ಜಾಗ ಬದಲಾಯಿಸಿದ್ರೆ ಡಿಫ್ ಎಲ್ಲಾ ಕೆಂಪು ಹಸಿರು ಆಗುತ್ತೆ, ಆಗ ಗಿಟ್‌ಗೆ (ಬದಲಾವಣೆಗಳ ಲೆಕ್ಕ ಇಡೋ ಟೂಲ್) ವರ್ಡ್ ಡಿಫ್ ಅಂತ ಹೇಳಿ, ನಿಜವಾಗ್ಲೂ ಬದಲಾದ ಪದ ಮಾತ್ರ ತೋರಿಸುತ್ತೆ.

ಪ್ರಶ್ನೆ: ಇಂಗ್ಲಿಷ್ ಅಷ್ಟಾಗಿ ಬರದವರ ಪ್ಯಾಚ್ ಬಂದಾಗ ವ್ಯಾಕರಣ ತಪ್ಪು ಎಷ್ಟು ಎತ್ತಿ ತೋರಿಸಬೇಕು? ನಾನು ಮೂವತ್ತು ಕಾಮೆಂಟ್ ಹಾಕಿದ್ದಕ್ಕೆ ಒಬ್ರು ಮತ್ತೆ ಬರ್ಲೇ ಇಲ್ಲ.

ಉತ್ತರ: ಅವರು ಬರದೇ ಹೋಗಿದ್ದು ನಷ್ಟ, ನಿಮಗೂ ಅದು ಬೇಜಾರಾಗಿದೆ ಅಂತ ಪತ್ರ ಓದಿದ್ರೆ ಗೊತ್ತಾಗುತ್ತೆ. ಮುಂದಿನ ಸಲ ವ್ಯಾಕರಣ, ಕಾಮಾ, ಸ್ಪೆಲಿಂಗ್ ಇವನ್ನ ನೀವೇ ತಿದ್ದಿ ಸಜೆಶನ್ ಥರ ಕೊಟ್ಟುಬಿಡಿ, ಅವರು ಒಂದು ಬಟನ್ ಒತ್ತಿದ್ರೆ ಮುಗೀಬೇಕು. ಕಾಮೆಂಟ್ ಬರೆಯೋದು ಅರ್ಥ ಕೆಡೋ ಕಡೆ ಮಾತ್ರ. ಮೊದಲನೇ ಕಾಮೆಂಟ್ ಅವರು ಮಾಡಿರೋ ಕೆಲಸ ಯಾಕೆ ಬೇಕಿತ್ತು ಅಂತ ಇರ್ಲಿ, ಅದು ಬರೀ ಮರ್ಯಾದೆ ಮಾತಲ್ಲ, ನೀವು ಪ್ಯಾಚ್ ಅರ್ಥ ಮಾಡ್ಕೊಂಡಿದೀರಿ ಅಂತ ಅವರಿಗೆ ಗೊತ್ತಾಗೋದು ಅಲ್ಲೇ.

ಅರ್ಥ ಕೆಡೋದು ಅಂದ್ರೆ ಯಾವುದು? ಇಂಗ್ಲಿಷ್‌ನ "ಮೇ ನಾಟ್" ಅಂತ ಒಂದಿದೆ, "ಮಾಡಬಾರ್ದು" ಅಂತಲೂ ಆಗುತ್ತೆ, "ಮಾಡದೇ ಇರಬಹುದು" ಅಂತಲೂ ಆಗುತ್ತೆ. ರೌಟರ್ ಆ ಪ್ಯಾಕೆಟ್ ಫಾರ್ವರ್ಡ್ ಮಾಡಬಾರ್ದಾ, ಇಲ್ಲ ಕೆಲವು ಸಲ ಮಾಡಲ್ವಾ? ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ. "ಮಸ್ಟ್", "ಶುಡ್" ಇವಕ್ಕೆ 1997ರ ಆರ್‌ಎಫ್‌ಸಿ 2119 ಖಚಿತ ಅರ್ಥ ಕೊಟ್ಟಿದೆ, ನೆಟ್‌ವರ್ಕ್ ಜನ ಆ ಕಿವಿ ಇಟ್ಕೊಂಡೇ ಓದ್ತಾರೆ, "ಶುಡ್" ಅಂತ ಕಂಡ್ರೆ ಬಲವಾದ ಕಾರಣ ಇದ್ರೆ ಬಿಡಬಹುದು ಅಂದ್ಕೊಳ್ತಾರೆ. ಬಿಟ್ರೆ ಕೆಲಸಾನೇ ಮಾಡಲ್ಲ ಅನ್ನೋ ಕಡೆ "ಶುಡ್" ಇದ್ರೆ ಕೇಳ್ಲೇಬೇಕು. ವೈರ್‌ಗಾರ್ಡ್ ವಿಪಿಎನ್‌ನಲ್ಲಿ "ಅಲೋಡ್ ಐಪೀಸ್" ಅನ್ನೋದನ್ನ "ಒಳಗೆ ಬಿಡೋ ಅಡ್ರೆಸ್‌ಗಳ ಪಟ್ಟಿ" ಅಂತಷ್ಟೇ ಬರೆದ್ರೆ ವ್ಯಾಕರಣ ಸರಿ, ವಿಷಯ ಅರ್ಧ. ಹೊರಗೆ ಹೋಗೋ ಪ್ಯಾಕೆಟ್ ಯಾವ ಪೀರ್‌ಗೆ (ಆ ಕಡೆಯ ಮೆಷೀನ್‌ಗೆ) ಹೋಗ್ಬೇಕು ಅಂತ ತೀರ್ಮಾನ ಮಾಡೋದೂ ಅದೇ ಪಟ್ಟಿ, ಇಬ್ಬರು ಪೀರ್‌ಗೆ ಒಂದೇ ಅಡ್ರೆಸ್ ಕೊಟ್ರೆ ಕೊನೇಲಿ ಕೊಟ್ಟವರಿಗೆ ಹೋಗುತ್ತೆ, ಮೊದಲನೆಯವರಿಂದ ಕಿತ್ಕೊಂಡು. ನಿಮ್ಮ ಮೂವತ್ತು ಕಾಮೆಂಟ್‌ನಲ್ಲಿ ಇಂಥವು ಎಷ್ಟಿತ್ತು ಅಂತ ಒಂದ್ಸಲ ತಿರುಗಿ ನೋಡಿ, ಇಂಥವನ್ನ ಮಾತ್ರ ಇಟ್ಕೊಂಡು ಆ ಕೊಡುಗೆದಾರರಿಗೆ ಇನ್ನೊಂದ್ಸಲ ಬರೀರಿ. ವಾಪಸ್ ಬಂದ್ರೂ ಬರಬಹುದು.

ಪ್ರಶ್ನೆ: ಈಚೆಗೆ ಎಐನಲ್ಲಿ ಬರೆಸಿದ ಡಾಕ್ಸ್ ಪ್ಯಾಚ್ ಜಾಸ್ತಿ ಬರ್ತಿವೆ ಅನ್ಸುತ್ತೆ, ಭಾಷೆ ನುಣ್ಣಗಿರುತ್ತೆ. ಇದಕ್ಕೆ ಏನು ಮಾಡೋದು?

ಉತ್ತರ: ಯಾವುದರಲ್ಲಿ ಬರೆದ್ರು ಅಂತ ಪತ್ತೇದಾರಿಕೆಗೆ ಹೋಗಬೇಡಿ, ಪ್ರಾಜೆಕ್ಟ್‌ನಲ್ಲಿ ಅದಕ್ಕೆ ನಿಯಮ ಇದ್ರೆ ಅದನ್ನ ಪಾಲಿಸಿ. ನೀವು ಮಾಡ್ಬೇಕಾದ್ದು, ಪುಟದಲ್ಲಿ ಹೇಳಿರೋ ಪ್ರತಿ ಆಪ್ಶನ್ ಹೆಸರನ್ನೂ ಸೋರ್ಸ್‌ನಲ್ಲಿ ಗ್ರೆಪ್ ಮಾಡೋದು. ಇರಬೇಕಿತ್ತು ಅನ್ಸೋ ಥರದ ಹೆಸರು, ಬೇರೆ ಕಂಪನಿಯ ರೌಟರ್‌ನಲ್ಲಿ ಇರೋ ಹೆಸರು, ಇಲ್ಲಿ ಇಲ್ಲದೇ ಇರೋ ಹೆಸರು, ಇವು ನುಣ್ಣನೆ ವಾಕ್ಯದಲ್ಲಿ ಕೂತ್ರೆ ಓದೋ ಕಣ್ಣು ಜಾರಿಬಿಡುತ್ತೆ. ಸಿ ಬರದೇ ಇದ್ರೂ ಗ್ರೆಪ್ ಬರುತ್ತಲ್ಲ. ಆಮೇಲೆ ಕಳಿಸಿದವರನ್ನ ಒಂದೇ ಪ್ರಶ್ನೆ ಕೇಳಿ, ಇದನ್ನ ಯಾವ ವರ್ಶನ್ ಮೇಲೆ ಓಡಿಸಿ ನೋಡಿದ್ರಿ, ಔಟ್‌ಪುಟ್ ಹಾಕ್ತೀರಾ ಅಂತ. ಓಡಿಸಿದವರು ಎರಡು ನಿಮಿಷದಲ್ಲಿ ಹಾಕ್ತಾರೆ.

ಪ್ರಶ್ನೆ: ಒಂದು ಒಳ್ಳೇ ಡಾಕ್ಸ್ ಪ್ಯಾಚ್ ಮೂರು ತಿಂಗಳಿಂದ ಹಂಗೇ ಬಿದ್ದಿದೆ, ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳೋರು) ಯಾರೂ ತಿರುಗಿ ನೋಡಿಲ್ಲ. ನನಗೆ ಮರ್ಜ್ ಮಾಡೋ ಅಧಿಕಾರ ಇಲ್ಲ. ಏನಾದ್ರೂ ಮಾಡಕ್ಕಾಗುತ್ತಾ?

ಉತ್ತರ: ಆಗುತ್ತೆ. ಮೇಂಟೇನರ್‌ಗೆ ಮನಸ್ಸಿಲ್ಲ ಅಂತಲ್ಲ, ಆ ಉದಾಹರಣೆ ನಿಜವಾಗ್ಲೂ ನಡಿಯುತ್ತಾ ಅಂತ ನೋಡಕ್ಕೆ ಅವರಿಗೆ ಒಂದು ಗಂಟೆ ಸಿಕ್ಕಿರಲ್ಲ, ನೋಡದೇ ಒಪ್ಪಕ್ಕೆ ಮನಸ್ಸು ಬರಲ್ಲ, ಹಂಗೇ ಉಳಿಯುತ್ತೆ. ಆ ಗಂಟೆ ನೀವು ಕೊಡಿ. ಪ್ಯಾಚನ್ನ ಈಗಿನ ಮೇನ್ ಬ್ರಾಂಚ್ ಮೇಲೆ ಹಾಕಿ ನೋಡಿ, ಕಾನ್‌ಫ್ಲಿಕ್ಟ್ ಇದ್ರೆ ಬರೆದವರಿಗೆ ತಿಳಿಸಿ. ಎರಡು ನೇಮ್‌ಸ್ಪೇಸ್ ಮಾಡಿ, ಪುಟದಲ್ಲಿ ಇರೋದನ್ನ ಮೊದಲಿಂದ ಕೊನೇವರೆಗೂ ಹೊಡೀರಿ. ಆಮೇಲೆ "ಚೆನ್ನಾಗಿದೆ" ಅಂತ ಬರೆಯೋ ಬದಲು ಹೀಗೆ ಬರೀರಿ: ಇಂಥ ವರ್ಶನ್, ಇಂಥ ಕರ್ನಲ್, ಒಂದರಿಂದ ಆರನೇ ಹೆಜ್ಜೆವರೆಗೂ ಓಡಿಸಿದೆ, ನಾಲ್ಕನೇ ಹೆಜ್ಜೆಯ ಔಟ್‌ಪುಟ್‌ನಲ್ಲಿ ಒಂದು ಸಾಲು ಬೇರೆ ಬಂತು, ಅದನ್ನ ಕೆಳಗೆ ಹಾಕಿದೀನಿ, ಉಳಿದದ್ದೆಲ್ಲಾ ಪುಟದಲ್ಲಿ ಇದ್ದಂಗೇ ಬಂತು. ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆ ಅಂತಲೇ "ಟೆಸ್ಟೆಡ್ ಬೈ" ಅನ್ನೋ ಸಾಲಿದೆ, ರಿವ್ಯೂ ಮಾಡಿದವರದ್ದೇ ಬೇರೆ ಸಾಲು, ಪರೀಕ್ಷೆ ಮಾಡಿದವರದ್ದೇ ಬೇರೆ ಸಾಲು, ಎರಡೂ ಕಮಿಟ್‌ನಲ್ಲಿ ಉಳಿಯುತ್ತೆ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಆ ಪದ್ಧತಿ ಇದ್ರೆ ನಿಮ್ಮ ಹೆಸರಲ್ಲಿ ಆ ಸಾಲೂ ಸೇರಿಸಿ ಕಳ್ಸಿ.